ಹನ್ನೆರಡು ಮನೆಗಳ ಪಟ್ಟಿ

ಸರ್ಕಾರ ಪಟ್ಟಿ ಮಾಡುತ್ತಿದೆ ಎಂದರೆ ಏನೋ ಕೊಡುತ್ತದೆ ಎಂದೇ ನಮ್ಮ ಕಡೆಯ ಜನ ತಿಳಿಯುವುದು. ಕರೆಂಟು ದಿನಗಟ್ಟಲೆ ಹೋದರೆ ಯಾರ ಮನೆಯಲ್ಲಿ ಜೀವಕ್ಕೆ ಅಪಾಯವಿದೆ, ಬರೆದುಕೊಂಡು ಬಾ ಎಂದು ಜನವರಿಯಲ್ಲಿ ನನ್ನನ್ನು ಕಳಿಸಿದರು. ಬೇವೂರು, ತಳಕಲ್ ಸುತ್ತಮುತ್ತ ನೂರ ನಲವತ್ತಮೂರು ಹೆಸರು ಬಂದವು. ಕರೆಂಟು ಹೋದಾಗ ಆಕ್ಸಿಜನ್ ಸಿಲಿಂಡರ್ ಕಳಿಸುತ್ತಾರೆ, ಅಷ್ಟೇ, ಬೇರೇನೂ ಕೊಡುವುದಿಲ್ಲ ಎಂದರೂ ಯಾರೂ ಬಿಡಲಿಲ್ಲ.

"ಇರಲಿ, ಬರಕೊಳ್ರಿ. ಇದರಾಗ ಹೆಸರ ಬಿಟ್ಟಹೋದ್ರ ನಾಳೆ ಸರ್ಕಾರದ ಮನಿ ಬಂದಾಗ ಮನಿನೂ ಸಿಗೂದಿಲ್ಲ" ಎಂದಳು ಒಬ್ಬ ಮುದುಕಿ. ಒಬ್ಬ ತನ್ನ ಎಮ್ಮೆಗೆ ದಮ್ಮು ಎಂದು ಬರೆಸಿದ. ಹೈದರಸಾಬ ಐಸ್‌ಕ್ರೀಂ ಪೆಟ್ಟಿಗೆ ಬರೆಸಿದ. ಅದು ನಿಂತರೆ ತನ್ನ ಜೀವವೇ ನಿಂತಂತೆ ಎಂದ. ಆಗ ನಕ್ಕಿದ್ದೆ.

ನಾನು ಗವಿಸಿದ್ದೇಶ, ತಾಲ್ಲೂಕು ಕಚೇರಿಯ ಗುಮಾಸ್ತ. ಹದಿನಾರು ವರ್ಷದ ನೌಕರಿಯಲ್ಲಿ ನನ್ನ ಕಡೆ ಒಬ್ಬರೂ ಬೆರಳು ಮಾಡಿಲ್ಲ. ಇದನ್ನು ಮೊದಲು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಸುಮ್ಮನೆ ಹೇಳುತ್ತಿದ್ದೇನೆ.

ತಹಶೀಲ್ದಾರ್ ಸಾಹೇಬರು ಪಟ್ಟಿ ನೋಡಿ ತಲೆ ಹಿಡಿದುಕೊಂಡರು. ನಮಗೆ ಜಿಲ್ಲೆಯಿಂದ ಸಿಗುವುದು ಹನ್ನೆರಡೇ ಸಿಲಿಂಡರ್. ಆಕ್ಸಿಜನ್ ಯಂತ್ರ ಇರುವ ಮನೆಗಳನ್ನಷ್ಟೇ ಉಳಿಸು, ಯಂತ್ರವನ್ನು ಕಣ್ಣಾರೆ ನೋಡಿ ಬಾ ಎಂದರು. ಗಾಳಿಯನ್ನು ಎಳೆದು ಮೂಗಿನ ನಳಿಕೆಗೆ ಆಕ್ಸಿಜನ್ ಕೊಡುವ, ಕರೆಂಟಿನಿಂದ ನಡೆಯುವ ಪೆಟ್ಟಿಗೆ ಅದು. ಮನೆಮನೆ ತಿರುಗಿದೆ. ಹದಿಮೂರು ಯಂತ್ರ ಸಿಕ್ಕವು. ಹದಿಮೂರನೆಯದು ನಮ್ಮದೇ ಮನೆಯಲ್ಲಿತ್ತು.

ಅದು ನನ್ನ ಅಕ್ಕ ಶೇಖರಮ್ಮನ ಯಂತ್ರ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು ನನ್ನನ್ನು ಓದಿಸಿದಳು. ಲಗ್ನ ಮಾಡಿಕೊಳ್ಳಲಿಲ್ಲ. ಗಿರಣಿಯ ಧೂಳು ಎದೆಯಲ್ಲಿ ಕೂತುಬಿಟ್ಟಿತು. ಮೂರು ವರ್ಷದಿಂದ ಮಂಚದ ಪಕ್ಕ ಯಂತ್ರ ಗುಂಯ್ ಎನ್ನುತ್ತಿತ್ತು. ಆ ಸದ್ದು ಒಂದು ಗಳಿಗೆ ನಿಂತರೆ ನಾನೂ ನನ್ನ ಹೆಂಡತಿ ಸುನಿತಾಳೂ ಮಾಡುವ ಕೆಲಸ ಬಿಟ್ಟು ಆ ಕಡೆ ತಿರುಗುತ್ತಿದ್ದೆವು.

ಹದಿಮೂರರಲ್ಲಿ ಒಂದನ್ನು ತೆಗೆಯಬೇಕಿತ್ತು. ಯಾವುದನ್ನು ತೆಗೆಯಬೇಕು ಎಂಬುದೂ ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲೇ, ನಾಲ್ಕು ಮನೆ ಆಚೆ, ದೊಡ್ಡಬಸಪ್ಪನ ಮನೆ. ಅವನ ತಾಯಿಗೆಂದು ತಂದ ಯಂತ್ರ ಮಂಚದ ಕೆಳಗಿತ್ತು. ತಾಯಿ ಹೋಗಿ ಎರಡು ವರ್ಷವಾಗಿತ್ತು, ಮಣ್ಣಿಗೆ ನಾನೇ ಹೋಗಿ ಬಂದಿದ್ದೆ. ಆದರೂ ಅವನು ಯಂತ್ರವನ್ನು ಹೊರಗೆಳೆದು, ಧೂಳು ಒರೆಸಿ ತೋರಿಸಿದ.

"ಮಿಷಿನ್ ಐತಿಲ್ಲೋ, ನೋಡ್ಕೋ. ನಾಳೆ ನನಗ ದಮ್ಮು ಬರೂದಿಲ್ಲಂತ ಏನ್ ಗ್ಯಾರಂಟಿ ಐತಿ?"

ಅವನ ಬಾಯಿ ಊರಿಗೇ ಗೊತ್ತು. ಅವನನ್ನು ತೆಗೆದು ನಮ್ಮ ಮನೆ ಉಳಿಸಿದರೆ ಚಹಾದಂಗಡಿಯಲ್ಲಿ ಏನು ಮಾತು ಹುಟ್ಟುತ್ತದೆ ಎಂದು ನಾನು ಕುಳಿತಲ್ಲೇ ಕೇಳಬಲ್ಲವನಾಗಿದ್ದೆ. ಹಿಂದೆ ಒಬ್ಬ ಗುಮಾಸ್ತ ಆಶ್ರಯ ಮನೆಯ ಪಟ್ಟಿಯಲ್ಲಿ ಸ್ವಂತ ಅಣ್ಣನ ಹೆಸರು ಬರೆದಿದ್ದ. ಅಣ್ಣ ನಿಜವಾಗಿಯೂ ಬಡವನೇ. ಆದರೂ ಇವತ್ತಿಗೂ ಆ ಗುಮಾಸ್ತನ ಮಕ್ಕಳನ್ನು ಪಟ್ಟಿಯವನ ಮಕ್ಕಳು ಎಂದೇ ಕರೆಯುತ್ತಾರೆ.

ಸ್ಕೇಲ್ ಇಟ್ಟು ಅಕ್ಕನ ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದೆ. ಕರೆಂಟು ಹೋದ ದಿನ ಕಚೇರಿಯ ಕಂಟ್ರೋಲ್ ರೂಮಿನಲ್ಲಿ ಕೂರುವವನೇ ನಾನು, ನನ್ನ ಮನೆಗೆ ಪಟ್ಟಿ ಏಕೆ ಬೇಕು ಎಂದುಕೊಂಡೆ. ಸಂಜೆ ಅವಳಿಗೆ ಹೇಳಿದೆ.

"ತಗದದ್ದ ಛಲೋ ಆತು ತಮ್ಮಾ" ಎಂದಳು. "ಮಂದಿ ಬಾಯಾಗ ಬೀಳೂದು ಬ್ಯಾಡ. ನನಗ ನೀ ಅದಿಯಲ್ಲ."

ಫೆಬ್ರವರಿಯಲ್ಲಿ ಅಣಕು ಕಾರ್ಯಾಚರಣೆ ನಡೆಯಿತು. ಸೈರನ್ ಕೂಗಿತು. ಡ್ರೈವರ್ ಪಂಪಣ್ಣ ಹನ್ನೆರಡು ಸಿಲಿಂಡರ್ ಹೇರಿಕೊಂಡು ಎರಡು ತಾಸಿನೊಳಗೆ ಎಲ್ಲ ಮನೆ ಮುಟ್ಟಿಸಿದ. ಫೋಟೋಕ್ಕೆಂದು ದೊಡ್ಡಬಸಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ನಿಂತಿದ್ದ. ಕೊಪ್ಪಳದ ಸಭೆಯಲ್ಲಿ ನಮ್ಮ ಪಟ್ಟಿಯನ್ನು ಮಾದರಿ ಪಟ್ಟಿ ಎಂದರಂತೆ.

ಏಪ್ರಿಲ್‌ನಲ್ಲಿ ಕಲ್ಲಿದ್ದಲು ಸಾಲದೆ ಕರೆಂಟು ಸರದಿಯ ಮೇಲೆ ಬರತೊಡಗಿತು. ಎರಡು ತಾಸು ಇದ್ದರೆ ಎರಡು ತಾಸು ಇಲ್ಲ. ಅದಕ್ಕೆ ನಮ್ಮ ಇನ್ವರ್ಟರ್ ಸಾಕಾಗಿತ್ತು. ಒಂದು ಮಂಗಳವಾರ ಮುಂಜಾನೆ ಒಂಬತ್ತು ನಲವತ್ತಕ್ಕೆ ಇಡೀ ನಮ್ಮ ಭಾಗದ ಕರೆಂಟೇ ಹೋಯಿತು. ಆಗ ನಾನು ಕಚೇರಿಯಲ್ಲಿದ್ದೆ. ಸುನಿತಾ ಫೋನ್ ಮಾಡಿದಳು. ಇನ್ವರ್ಟರ್ ನಾಲ್ಕು ತಾಸು ಬರುತ್ತದೆ, ಅಷ್ಟರಲ್ಲಿ ಕರೆಂಟು ಬರುತ್ತದೆ ಎಂದೆ.

ಹನ್ನೊಂದಕ್ಕೆ ಸಿಲಿಂಡರ್ ಮುಟ್ಟಿಸಿ ಎಂದು ಆದೇಶ ಬಂತು. ಪಂಪಣ್ಣನ ಕೈಗೆ ಪಟ್ಟಿ ಕೊಟ್ಟೆ. ದೊಡ್ಡಬಸಪ್ಪನದನ್ನು ನಮ್ಮ ಮನೆಗೆ ಇಳಿಸು ಎಂದು ಒಂದು ಮಾತು ಹೇಳಿದ್ದರೆ ಅವನು ಎದುರು ಆಡುತ್ತಿರಲಿಲ್ಲ. ಪಕ್ಕದಲ್ಲಿ ಸಾಹೇಬರು ನಿಂತಿದ್ದರು. ಗಾಡಿ ಹೊರಟ ಸಮಯವನ್ನು ರಿಜಿಸ್ಟರಿನಲ್ಲಿ ಬರೆದೆ.

ಹನ್ನೆರಡೂವರೆಗೆ ಮೊಬೈಲ್ ಟವರಿನ ಬ್ಯಾಟರಿ ಮುಗಿದು ಫೋನುಗಳು ಸತ್ತವು. ಒಂದೂವರೆಗೆ ಗಡಿಯಾರ ನೋಡಿದೆ. ಸ್ವಲ್ಪ ಊರಿಗೆ ಹೋಗಿ ಬರುತ್ತೇನೆ ಎಂದು ಸಾಹೇಬರನ್ನು ಕೇಳಿದೆ.

"ಈಗ ನೀ ಹೋದ್ರ ಹೆಂಗೋ ಗವಿಸಿದ್ದೇಶ? ಕೊಪ್ಪಳದಿಂದ ವೈರ್‌ಲೆಸ್‌ನಾಗ ತಾಸಿಗೊಮ್ಮೆ ಕೇಳಾಕತ್ಯಾರ. ಅಂಥಾದ್ದೇನೈತಿ ಮನ್ಯಾಗ?"

ಏನಿಲ್ಲ ಎಂದೆ. ಮನೆಯಲ್ಲಿ ಅಕ್ಕ ಇದ್ದಾಳೆ ಎಂದರೆ, ಹಾಗಾದರೆ ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳುತ್ತಿದ್ದರು.

ಮೂರು ಗಂಟೆಗೆ ಬಿಟ್ಟರು. ಬೈಕಿನಲ್ಲಿ ಬೇವೂರು ಮುಟ್ಟಿದಾಗ ನಮ್ಮ ಓಣಿಯ ಜನವೆಲ್ಲ ನಮ್ಮ ಮನೆಯ ಮುಂದೆ ನಿಂತಿತ್ತು. ಬಾಗಿಲ ಚೌಕಟ್ಟಿಗೆ ಒಂದು ಸಿಲಿಂಡರ್ ಆನಿಸಿ ಇಟ್ಟಿದ್ದರು. ಅದರ ಸೀಲು ಒಡೆದಿರಲಿಲ್ಲ. ಒಳಗೆ ಅಕ್ಕನ ಮೂಗಿನಲ್ಲಿ ನಳಿಕೆ ಹಾಗೇ ಇತ್ತು. ನಾನು ಅಳಲಿಲ್ಲ. ಕಾಲು ತೊಳೆದು ಒಳಗೆ ಹೋದೆ, ನೌಕರಿಯಿಂದ ಬಂದಾಗ ದಿನಾ ಮಾಡುವಂತೆ.

ಆಮೇಲೆ ಸುನಿತಾ ಎಲ್ಲ ಹೇಳಿದಳು. ಫೋನುಗಳು ಸತ್ತ ಮೇಲೆ ಪಂಪಣ್ಣನ ಗಾಡಿ ಓಣಿಗೆ ಬಂದಾಗ ಇವಳು ಓಡಿಹೋಗಿ ಕೇಳಿದ್ದಾಳೆ. ಅವನು ಪಟ್ಟಿಯನ್ನು ಎರಡು ಸಲ ನೋಡಿ, "ನಿಮ್ಮನಿ ಹೆಸರ ಇಲ್ರಿ ಅಕ್ಕಾರ. ಇದು ನಿಮ್ಮ ಯಜಮಾನ್ರ ಬರದ ಪಟ್ಟಿನ ಐತಿ, ನಾ ಹೆಂಗ ಬದಲಿ ಮಾಡ್ಲಿ?" ಎಂದಿದ್ದಾನೆ. ಒಂದು ಗಂಟೆಗೇ ಇನ್ವರ್ಟರ್ ನಿಂತಿದೆ. ಬ್ಯಾಟರಿ ಹಳೆಯದಾಗಿತ್ತು. ದೊಡ್ಡಬಸಪ್ಪನನ್ನು ಕೇಳಿ ತರುತ್ತೇನೆ ಎಂದು ಸುನಿತಾ ಎದ್ದರೆ ಅಕ್ಕ ಅವಳ ಸೆರಗು ಹಿಡಿದುಕೊಂಡಿದ್ದಾಳೆ.

"ಬ್ಯಾಡವಾ. ನಮ್ಮನಿಗೆ ತರಿಸಿಕೊಂಡ ಅಂತಾರ. ತಮ್ಮನ ನೌಕರಿ ಐತಿ. ತಡಿ, ಕರೆಂಟ್ ಬರತೈತಿ."

ಕೈ ಸಡಿಲಾಗುವತನಕ ಸೆರಗು ಬಿಡಲಿಲ್ಲವಂತೆ. ಆಮೇಲೆ ಸುನಿತಾ ಓಡಿದಳು. ದೊಡ್ಡಬಸಪ್ಪ ಚಪ್ಪಲಿ ಕೂಡ ಮೆಟ್ಟದೆ, ಬಿಸಿಲಿನಲ್ಲಿ ಸಿಲಿಂಡರ್ ಉರುಳಿಸಿಕೊಂಡು ಬಂದ. ಅಷ್ಟರಲ್ಲಿ ಮುಗಿದಿತ್ತು.

ಅವನು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಮುಂಜಾನೆ ಒಂದ ಮಾತು ಹೇಳಿದ್ರ ಆಗಲೇ ಕೊಡ್ತಿದ್ನಲ್ಲೋ ಗವಿಸಿದ್ದೇಶ. ನನಗ್ಯಾಕ ಬೇಕಿತ್ತು ಅದು? ಬರಕೊಳ್ಳಾಕತ್ತಿದ್ರಿ, ಬರಸಿದ್ನಿ, ಅಷ್ಟ."

ಐದು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂತು. ಸ್ವಿಚ್ ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಯಂತ್ರ ತಾನಾಗಿಯೇ ಗುಂಯ್ ಎಂದು ಶುರುವಾಯಿತು. ಮನೆಯವರೆಲ್ಲ ಆ ಕಡೆ ತಿರುಗಿದೆವು. ನಾನೇ ಎದ್ದು ಬಂದ್ ಮಾಡಿದೆ.

ಐದನೆಯ ದಿನ ಕೆಲಸಕ್ಕೆ ಹಾಜರಾದೆ. ಜಿಲ್ಲೆಗೆ ವರದಿ ಹೋಗಬೇಕಿತ್ತು, ನನ್ನ ಬದಲಿಗೆ ಯಾರೂ ಬರೆದಿರಲಿಲ್ಲ. ಸಾಹೇಬರು ಬಂದು ಹೆಗಲ ಮೇಲೆ ಕೈಯಿಟ್ಟು, ನನಗ್ಯಾಕ ಹೇಳಲಿಲ್ಲ ಎಂದರು. ವರದಿ ಬರೆಯಲು ಕೂತೆ. ಪಟ್ಟಿಯಲ್ಲಿದ್ದ ಮನೆಗಳು ಹನ್ನೆರಡು. ಸಕಾಲಕ್ಕೆ ತಲುಪಿದವು ಹನ್ನೆರಡು. ಪಟ್ಟಿಯಲ್ಲಿದ್ದ ಮನೆಗಳಲ್ಲಿ ಜೀವಹಾನಿ ಇಲ್ಲ. ಒಂದಕ್ಷರವೂ ಸುಳ್ಳಲ್ಲ.

ವಾಪಸು ಬಂದ ಸಿಲಿಂಡರುಗಳಲ್ಲಿ ಹನ್ನೊಂದು ಬಳಕೆಯಾಗಿದ್ದವು, ಒಂದು ತುಂಬಿದ್ದು ಹಾಗೇ ಬಂದಿತ್ತು. ಯಾಕೆ ಬಳಸಿಲ್ಲ ಎಂದು ಕಾರಣ ಬರೆಯಲು ಷರಾ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟರೆ ಕೊಪ್ಪಳದಿಂದ ಫೈಲು ತಿರುಗಿ ಬರುತ್ತದೆ. ದೊಡ್ಡಬಸಪ್ಪನ ಹೆಸರಿನ ಮುಂದೆ, ನನ್ನ ದುಂಡನೆಯ ಅಕ್ಷರದಲ್ಲಿ, "ಅಗತ್ಯ ಬೀಳಲಿಲ್ಲ" ಎಂದು ಬರೆದು ಸಹಿ ಮಾಡಿದೆ.