ನಮ್ಮವರು ಇರುವ ಊರು

ಸ್ಪ್ಯಾನಿಷ್ ಮಾತಾಡುವ ದೇಶಗಳು ಇಪ್ಪತ್ತು ಇವೆ. ಅಷ್ಟರಲ್ಲಿ ಒಂದರಲ್ಲಾದರೂ ನಮ್ಮ ಕಡೆಯ ಒಂದು ನರಪಿಳ್ಳೆ ಇರಬಾರದೇ ಎಂದು ನಾನು ಕೂತು ಅತ್ತಿದ್ದೇನೆ. ನಗಬೇಡಿ.

ನಾನು ಶಿವಗಂಗಾ, ಮಣ್ಣೂರಿನವಳು. ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಎಂ.ಎ. ಓದುತ್ತಿದ್ದೇನೆ. ಒಂದು ವರ್ಷ ಹೊರದೇಶದಲ್ಲಿ ಓದಿ ಬರಲು ನಮ್ಮ ವಿಭಾಗದಿಂದ ನನ್ನ ಹೆಸರು ಬಂತು, ಖರ್ಚೆಲ್ಲ ಅವರದೇ. ಮೆಕ್ಸಿಕೋದ ಗ್ವಾದಲಹಾರಾ, ಅರ್ಜೆಂಟೀನಾದ ರೊಸಾರಿಯೋ, ಸ್ಪೇನಿನ ವಲೆನ್ಸಿಯಾ, ಇವುಗಳಲ್ಲಿ ಒಂದು ಊರು ಆರಿಸಿ ಸೋಮವಾರದೊಳಗೆ ಹೇಳು ಎಂದರು. ಹೇಳದಿದ್ದರೆ ಜಾಗ ಬೇರೆಯವರಿಗೆ. ನನ್ನ ಮನಸ್ಸು ಕೇಳಿದ ಕ್ಷಣವೇ ಗ್ವಾದಲಹಾರಾಕ್ಕೆ ಹೋಗಿ ಕೂತುಬಿಟ್ಟಿತ್ತು. ಅಲ್ಲಿನ ಸಂತೆಯ ಹೆಂಗಸರು ಮೆಕ್ಕೆಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ರೊಟ್ಟಿ ಮಾಡುವ ವಿಡಿಯೋವನ್ನು ಊರಿಗೆ ಬಂದು ಅವ್ವನಿಗೆ ತೋರಿಸಿದೆ.

"ಅಯ್ಯ, ಬಡಿಯಾಕ ಬರೊಬ್ಬರಿ ಬರ್ತದಲ್ಲ ಇವರಿಗಿ!" ಎಂದು ಅವ್ವ ಬಾಳಮ್ಮ ಕಣ್ಣರಳಿಸಿದಳು. "ರೊಟ್ಟಿ ಸಿಗತಾವಂದ್ರ ಅರ್ಧಾ ಫಿಕರ್ ಹೋತು ನೋಡು."

ಅಪ್ಪ ಧರ್ಮಣ್ಣ, ಚೌಡಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು, ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ ಕಡೆಗೆ ಒಂದೇ ಮಾತು ಕೇಳಿದ. "ಎಲ್ಲಾ ಖರೆ. ಅಲ್ಲಿ ನಮ್ಮವರು ಯಾರದಾರ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರವಿಲ್ಲದೆ ಹೆಣ್ಣುಮಗಳು ಕಲಬುರಗಿಗೂ ಹೋಗಲಾರಳು. ನನ್ನನ್ನು ಹೈದರಾಬಾದಿಗೆ ಕಳಿಸುವಾಗಲೂ ಸೋದರತ್ತೆಯ ನಾದಿನಿಯೊಬ್ಬಳನ್ನು ಹುಡುಕಿ ತೆಗೆದಿದ್ದರು. ಆಕೆಯ ಮನೆಗೆ ಹೋದರೆ ಆಕೆಗೆ ನನ್ನ ಗುರುತೇ ಸಿಗಲಿಲ್ಲ. ಅದನ್ನು ನಾನು ಮನೆಯಲ್ಲಿ ಹೇಳಲೂ ಇಲ್ಲ. ನಮ್ಮವರು ಇದ್ದಾರೆ ಎನ್ನುವುದೊಂದಿದ್ದರೆ ಅಪ್ಪನಿಗೆ ನಿದ್ದೆ ಬರುತ್ತದೆ, ಅವರು ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಹುಡುಕಿದೆ. ಹೊಳೆಯಲ್ಲಿ ಮುಳುಗುವವರು ಹುಲ್ಲುಕಡ್ಡಿ ಹಿಡಿಯುವ ಹಾಗೆ ಕಂಡಕಂಡವರನ್ನು ಹಿಡಿದು ಕೇಳಿದೆ. ಗ್ವಾದಲಹಾರಾದಲ್ಲಿ ಒಂದು ಗುಜರಾತಿ ಕುಟುಂಬ ಸಿಕ್ಕಿತು. ರೊಸಾರಿಯೋದಲ್ಲಿ ಯೋಗ ಕಲಿಸುವ ಕೇರಳದವರು ಸಿಕ್ಕರು.

"ಗುಜರಾತದವ್ರು ನಮ್ಮವರು ಹೆಂಗಾಗ್ತಾರ?" ಎಂದ ಅಪ್ಪ.

"ಭಾರತದವರಲ್ಲೇನಪ್ಪಾ?"

"ಹಂಗ ನೋಡಿದ್ರ ಎಲ್ಲಾರೂ ಮನಷ್ಯಾರೇ. ಆಳಂದದ ಮನಿಯವರು ದಾರಿ ಕಾಯಾಕತ್ತಾರ. ಇದು ಕೂಡ್ಲಿಲ್ಲಂದ್ರ ಲಗ್ನ ಮಾಡಿ ಮುಗಸೂನು."

ಆಳಂದದ ವರನಿಗೆ ಒಮ್ಮೆ ಚಹಾ ಕೊಟ್ಟಿದ್ದೆ. ಓದಿದ್ದು ಸಾಕಲ್ಲ ಎಂದಿದ್ದ. ಎಂಟು ಎಕರೆ ನೀರಾವರಿ ಇದ್ದವನ ಮಾತಿಗೆ ನಮ್ಮ ಮನೆಯಲ್ಲಿ ತೂಕ ಜಾಸ್ತಿ. ಭಾನುವಾರ ಬೆಳಗಾಗುವ ಹೊತ್ತಿಗೆ ನನಗೆ ವಲೆನ್ಸಿಯಾ ಆದರೂ ಸರಿ, ಪಾತಾಳವಾದರೂ ಸರಿ ಎನ್ನುವಂತಾಗಿತ್ತು.

ಅಂದು ಮಧ್ಯಾಹ್ನ ಅಪ್ಪ ಚೌಡಾಪುರದಿಂದ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲೇ ಕೂಗಿದ. "ಸಿಕ್ರು ಬೇ! ವಲೆನ್ಸಿಯಾದಾಗ ನಮ್ಮವರು ಸಿಕ್ರು!"

ನರೋಣಾದ ಗುರಣ್ಣ, ಅಪ್ಪನಿಗೆ ದೂರದ ಸಂಬಂಧ, ಅಂಗಡಿಗೆ ಬಂದಿದ್ದನಂತೆ. ಅವನ ಮಗಳು ಸಪ್ನಾಳನ್ನು ಜೇವರ್ಗಿಗೆ ಕೊಟ್ಟಿತ್ತು. ಗಂಡ ವಲೆನ್ಸಿಯಾದ ಹೋಟೆಲಿನಲ್ಲಿ ಅಡುಗೆಯವನು. ಸಪ್ನಾ, ಅವಳ ಮಗ, ಅತ್ತೆ ಗಂಗಾಬಾಯಿ, ಎಲ್ಲರೂ ಅಲ್ಲೇ ಇದ್ದಾರೆ. ನನ್ನ ಎದೆ ಹಗುರಾಯಿತು. ಗ್ವಾದಲಹಾರಾಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಅಪ್ಪ ಆಗಲೇ ವಿಡಿಯೋ ಕಾಲ್ ಹಚ್ಚಿದ. ಸಪ್ನಾಳ ನಂಬರಿಗೆ ಮಾಡಿದರೂ ಎತ್ತಿದ್ದು ಗಂಗಾಬಾಯಿ. ಸೆರಗು ಹೊತ್ತ ತುಂಬುಮುಖದ ಹೆಂಗಸು.

"ಕಳಸ್ರಿ, ಕಳಸ್ರಿ. ನಾವದೇವಲ್ಲ! ನಮ್ಮ ಸಪ್ನಾನ ಹಂಗೇ ಇಟಗೋತೇವಿ," ಎಂದು ಸೊಸೆಯನ್ನು ಪಕ್ಕಕ್ಕೆ ಕರೆದಳು. ಸಪ್ನಾ ಬಂದು ಕೂತಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಗುತ್ತಿದ್ದಳು. ಬಂದಾಗಿನಿಂದಲೂ ನಗುತ್ತಲೇ ಇದ್ದಳು.

ಅಪ್ಪನಿಗೆ ಹುರುಪು ತಡೆಯಲಿಲ್ಲ. "ಅಕ್ಕನ ಜೋಡಿ ಆ ಭಾಷಾದಾಗ ಮಾತಾಡಿ ತೋರ್ಸು ಬೇ. ನೀ ಏನು ಕಲ್ತೀದಿ ನೋಡೂನು."

ಗಂಗಾಬಾಯಿಯೂ ನಕ್ಕಳು. "ಹೌದ್ರಿ, ಈಕೀನೂ ಮಗನ ಸಾಲಿ ಪುಸ್ತಕ ಓದಿ ಓದಿ ಕಲ್ತಾಳ. ನನಗ ಒಂದಕ್ಷರ ತಿಳಿಯಂಗಿಲ್ಲ."

ನಾನು ಸ್ಪ್ಯಾನಿಷಿನಲ್ಲಿ ಹೇಗಿದ್ದೀರಿ ಅಕ್ಕಾ ಎಂದೆ. ಸಪ್ನಾ ನಗುತ್ತಲೇ, ಅಡುಗೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು: "ನೋ ಬೆಂಗಾಸ್."

ಬರಬೇಡ.

ನಾನು ಏನೋ ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಅವಳು ನಿಲ್ಲಿಸದೆ ಅದೇ ಭಾಷೆಯಲ್ಲಿ ಹೇಳುತ್ತ ಹೋದಳು: ನನ್ನ ಪಾಸಪೋರ್ತೆ ಕಿತ್ತುಕೊಂಡಿದ್ದಾರೆ. ಹೊರಗೆ ಬಿಡುವುದಿಲ್ಲ. ಅವನು ಹೊಡೆಯುತ್ತಾನೆ, ಇವಳು ಬಾಗಿಲು ಹಾಕುತ್ತಾಳೆ. ನಮ್ಮಪ್ಪನಿಗೆ ಹೇಳಿದ್ದೆ, ಹೊಂದಿಕೊಂಡು ಹೋಗು ಅಂದ. ನೀನು ನಗು, ದಯವಿಟ್ಟು ನಗುತ್ತಿರು.

ನಾನು ನಕ್ಕೆ. ಆ ನಗುವಿಗೆ ನನ್ನ ಬಾಯಿ ಈಗಲೂ ಕಹಿಯಾಗುತ್ತದೆ.

"ಪಾಸ್‌ಪೋರ್ಟ್ ಅಂದ್ಳಲ್ಲ ನಡುವ?" ಗಂಗಾಬಾಯಿಯ ಕಣ್ಣು ಸಣ್ಣದಾಯಿತು. "ಏನದು?"

ಅಪ್ಪನೂ ನನ್ನತ್ತ ತಿರುಗಿದ. "ಹೌದಲ್ಲ, ಏನಂದ್ಳು?"

ನಿಜ ಹೇಳಿದರೆ ಅಪ್ಪ ಅಲ್ಲೇ ಸಿಡಿಯುತ್ತಾನೆ, ಫೋನು ಕಟ್ಟಾಗುತ್ತದೆ, ಆ ಮುಚ್ಚಿದ ಬಾಗಿಲಿನ ಹಿಂದೆ ಸಪ್ನಾಳಿಗೆ ಏನಾಗುತ್ತದೋ ದೇವರಿಗೇ ಗೊತ್ತು. ನಿಜ ಹೇಳಿದರೆ ನಾಳೆ ಸೋಮವಾರ ನನ್ನ ಜಾಗವೂ ಹೋಗುತ್ತದೆ, ಆಳಂದದವರು ಬರುತ್ತಾರೆ. ಈ ಎರಡರಲ್ಲಿ ನನಗೆ ಮೊದಲು ಹೊಳೆದದ್ದು ಯಾವುದು ಎಂದು ಕೇಳಬೇಡಿ.

"ಬರೂವಾಗ ಪಾಸ್‌ಪೋರ್ಟ್ ಜ್ವಾಕಿ ಮಾಡು ಅಂದ್ಳಪ್ಪಾ. ಕಳ್ಳರು ಬಾಳ ಅದಾರಂತ. ಚಳಿ ಇರ್ತದ, ಸ್ವೆಟರ್ ತಗೊಂಬಾ ಅಂದ್ಳು."

ಗಂಗಾಬಾಯಿಯ ಮುಖ ಸಡಿಲಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಪ್ಪ ಎರಡೂ ಕೈಯಲ್ಲಿ ಫೋನು ಹಿಡಿದು ಬಗ್ಗಿ ಹೇಳಿದ. "ಖರೆ ಹೇಳಿದ್ಳು ನೋಡ್ರಿ ನಿಮ್ಮ ಸೊಸಿ. ಅಕ್ಕಾರ, ನಮ್ಮ ಹುಡುಗಿಗಿ ಇನ್ನಾ ತಿಳುವಳಿಕಿ ಸಾಲದು. ಆಕಿ ಪಾಸ್‌ಪೋರ್ಟ್ ಸುದ್ದಾ ನಿಮ್ಮ ಹತ್ರಾನೇ ಇಟಗೋರಿ. ನಿಮ್ಮ ಮ್ಯಾಲ ಭರೋಸಾ ಅದ."

"ಅಯ್ಯ, ಅದನ್ನ ಹೇಳ್ಬೇಕೇನ್ರಿ?" ಎಂದಳು ಗಂಗಾಬಾಯಿ.

ಅವ್ವ ಹಿಂದಿನಿಂದ ನನ್ನ ತಲೆ ಸವರಿದಳು. ಇಷ್ಟು ದಿನ ಇದೇ ಒಪ್ಪಿಗೆಗಾಗಿ ನಾನು ಅತ್ತಿದ್ದು. ಈಗ ಸಿಕ್ಕಿತು. ಅಪ್ಪ ಫೋನಿಡಲು ಬೆರಳು ಚಾಚಿದ.

"ತಡಿ ಅಪ್ಪಾ, ಅಕ್ಕಗ ಒಂದ್ ಮಾತು," ಎಂದು ಫೋನು ಕಸಿದುಕೊಂಡೆ. ಸಪ್ನಾ ಇನ್ನೂ ನಗುತ್ತಿದ್ದಳು. ಅವಳ ಕಣ್ಣನ್ನೇ ನೋಡುತ್ತ "ಬೋಯ್" ಎಂದೆ.

ಆ ಭಾಷೆಯಲ್ಲಿ ಅದಕ್ಕೆ ಹೋಗುತ್ತೇನೆ ಎಂದು ಅರ್ಥ. ಆದರೆ ಕರೆದವರ ಕಡೆಗೆ ಹೊರಟವರೂ ಅಲ್ಲಿ, ಇಗೋ ಬಂದೆ ಎನ್ನುವುದಕ್ಕೆ, ಅದನ್ನೇ ಹೇಳುತ್ತಾರೆ. ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು ಬಾಯಿತಪ್ಪಿಯೂ ಹೋಗ್ತೇನಿ ಅನ್ನದೆ ಬರ್ತೇನಿ ಅನ್ನುತ್ತಾರಲ್ಲ, ಅದರ ತಿರುವುಮುರುವು. ನರೋಣಾದಲ್ಲಿ ಹುಟ್ಟಿದ ಸಪ್ನಾಳಿಗೆ ಎರಡೂ ಗೊತ್ತಿತ್ತು. ಅವಳ ಮುಖದ ನಗು ಮೊದಲ ಸಲ ಅಳಿಸಿಹೋಯಿತು. ಅತ್ತೆ ನೋಡುವ ಮೊದಲೇ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗೇನಂದಿ ಆಕಿಗಿ?" ಎಂದು ಅಪ್ಪ ಕೇಳಿದ.

"ಬರ್ತೇನಿ ಅಂದೆ," ಎಂದೆ. ಅಂದು ನಾನು ಅವನಿಗೆ ಹೇಳಿದ ಒಂದೇ ನಿಜ ಅದು.