ಶಿರವಾಳದ ಇಬ್ಬರು ಭೀಮವ್ವಂದಿರು

ನನ್ನ ಹೆಸರು ಭೀಮವ್ವ. ನನ್ನ ಆಯಿಯ ಹೆಸರೂ ಭೀಮವ್ವ. ಶಿರವಾಳದ ನಮ್ಮ ಮನೆಯಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ಪದ್ಧತಿ. ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆಯ ಹೆಸರು ಹಿಡಿದು ಕರೆಯಬಾರದೆಂದು ಅವ್ವ ನನ್ನನ್ನು ಕೊನೆಯವರೆಗೂ 'ಸಣ್ಣಾಕಿ' ಎಂದೇ ಕರೆದಳು. ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಾವಿಬ್ಬರೂ ಪುಸ್ತಕ ಬೇರೆ ಮಾಡಿಬಿಟ್ಟೆವು!

ಆಯಿಗೆ ಅಕ್ಷರ ಬಾರದು. ಆದರೆ ಅಮಾವಾಸ್ಯೆಯ ಭಜನೆಗೆ ಕುಳಿತಳೆಂದರೆ ತತ್ವಪದ ಕಟ್ಟುತ್ತಲೇ ಹಾಡುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ಬರೆದುಕೊಂಡೆ, ಗುಲಬರ್ಗಾದಲ್ಲಿ ಅಚ್ಚು ಹಾಕಿಸಿದೆ. ನನ್ನ ಹುಚ್ಚು ಬೇರೆ. ಹೈದರಾಬಾದಿನಲ್ಲಿ ಕಲಿಯುವಾಗ ಕಾಲೇಜಿನ ಕಪಾಟಿನಲ್ಲಿ ಇಟಲಿಯ ಪುನರುಜ್ಜೀವನ ಕಾಲದ ಪ್ರೇಮಕವಿತೆಗಳು ಇಂಗ್ಲಿಷಿನಲ್ಲಿ ಸಿಕ್ಕವು. ನಿದ್ದೆಗೆಟ್ಟು ಕನ್ನಡಕ್ಕೆ ತಂದೆ. ಆಯಿಗೆ ಓದಿ ಹೇಳಲು ಹೋದರೆ, "ಆ ಗಂಡಸಿಗೆ ಬ್ಯಾರೆ ಕೆಲಸ ಇಲ್ಲೇನ?" ಎಂದು ಗೋಡೆಯ ಕಡೆ ತಿರುಗಿ ಗೊರಕೆ ಹೊಡೆದಳು. ಎರಡೂ ಪುಸ್ತಕದ ಮೇಲೆ 'ಭೀಮವ್ವ, ಶಿರವಾಳ' ಎಂದೇ ಅಚ್ಚಾಯಿತು. ಮತ್ತೇನು ಹಾಕಿಸಬೇಕಿತ್ತು? ಇಬ್ಬರ ಹೆಸರೂ ಅದೇ, ಇಬ್ಬರ ಊರೂ ಅದೇ.

ಕರ್ನಾಟಕ ಒಂದಾದ ತಿಂಗಳು ಅದು, ಐವತ್ತಾರರ ನವೆಂಬರ್. ಶಹಾಪುರದಲ್ಲಿ ಕನ್ನಡ ವಾಚನಾಲಯ ತೆರೆಯುವುದೆಂದೂ, ಅದೇ ದಿನ ಸುತ್ತಿನ ಲೇಖಕರಿಗೆ ಸತ್ಕಾರವೆಂದೂ ತೀರ್ಮಾನವಾಯಿತು. ವಾಚನಾಲಯದ ಕಾರ್ಯದರ್ಶಿ ವಕೀಲ ಬಸವಂತ್ರಾಯ ನಾನು ಕಲಿಸುವ ಶಾಲೆಗೇ ಬಂದರು. ಎರಡೂ ಪುಸ್ತಕ ಅವರ ಕಂಕುಳಲ್ಲಿದ್ದವು. ಎರಡನ್ನೂ ಓದಿ ಮೆಚ್ಚಿದ ಮನುಷ್ಯ, ಅದನ್ನು ಇಲ್ಲ ಎನ್ನಲಾರೆ.

"ಅಕ್ಕೋರ, ಒಂದೇ ಕೈ ಭಕ್ತೀನೂ ಬರದದ, ಇಟಲಿ ಪ್ರೇಮಾನೂ ಬರದದ! ನಿಮ್ಮಂಥವರು ಈ ಜಿಲ್ಲಾದಾಗ ಇನ್ನೊಬ್ಬರಿಲ್ರಿ."

"ಒಂದು ಕೈ ಅಲ್ರಿ. ಪದ ನಮ್ಮ ಆಯಿಯವು."

"ಬರದವರು ಯಾರ್ರಿ?"

"ಆಕಿ ಹಾಡಿದ್ಲು, ನಾ ಬರಕೊಂಡೆ."

"ಮುಗೀತಲ್ರಿ ಮತ್ತ!" ಎಂದು ನಕ್ಕರು. "ಅಕ್ಷರ ಬಾರದ ಮುದುಕಿ ಇಂಥಾ ಪದ ಕಟ್ಟತಾಳಂದ್ರ ಯಾರು ನಂಬತಾರ? ನಿಮ್ಮ ಮನಸ್ಸು ದೊಡ್ಡದು, ಅಜ್ಜಿ ಹೆಸರು ಹೇಳತೀರಿ. ಆಗಲಿ, ಕರಪತ್ರದಾಗ ಎರಡೂ ನಿಮ್ಮವಂತ ಹಾಕಿಸೀನಿ."

ನನ್ನ ಮೈ ಉರಿದುಹೋಯಿತು. ಹೊಗಳುತ್ತಲೇ ಮನೆ ದೋಚುವ ಮಂದಿ! ಮನೆಗೆ ಬಂದು ಹೇಳಿದಾಗ ಆಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾದರೂ ಅತ್ತ ನೋಡಲಿಲ್ಲ.

"ಗಂಡ ಹೋದ, ತಡಕೊಂಡೆ. ಮಗ ಹೋದ, ತಡಕೊಂಡೆ. ಪದ ಹಾಡಿ ಬದುಕೀನಿ, ಭೀಮಿ. ಅವೂ ನನ್ನವಲ್ಲಂದ್ರ ನನ್ನದಂತ ಏನು ಉಳೀತು?"

ಆಯಿ ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೂ ಅಳು ಬಂತು. ಅವಳು ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು, "ಬಂಡಿ ಕಟ್ಟಸು. ನಾನೂ ಬರತೀನಿ. ಆ ವಕೀಲನ ಮಾರಿ ನೋಡಬೇಕು ನಾ" ಎಂದಳು.

ಶಹಾಪುರದ ಹತ್ತಿ ಗಿರಣಿಯ ಅಂಗಳದಲ್ಲಿ ಸಭೆ. ಜನ ಹತ್ತಿ ತುಂಬಿದ ಅಂಡಿಗೆಗಳ ಮೇಲೂ ಏರಿ ಕುಳಿತಿದ್ದರು. ಅಧ್ಯಕ್ಷತೆಗೆ ಸರದಾರಸಾಬ ಮಾಸ್ತರರು. ವಯಸ್ಸಾಗಿತ್ತು, ಹಿಂದೆ ಉರ್ದು ಕಲಿಸಿದವರು, ಹೈದರಾಬಾದಿನ ಮುಶಾಯಿರಾ ಎಂಬ ಕವಿಗೋಷ್ಠಿಗಳನ್ನು ಕಂಡವರು. ಬಸವಂತ್ರಾಯರು ಎರಡೂ ಪುಸ್ತಕ ಎತ್ತಿ ಹಿಡಿದು, ಎರಡಕ್ಕೂ ನನ್ನನ್ನೇ ಕೊಂಡಾಡಿ, ಮೇಲೆ ಬರಬೇಕೆಂದರು. ನಾನು ಕುಳಿತಲ್ಲಿಂದಲೇ ಎದ್ದು ನಿಂತೆ.

"ಪದ ನನ್ನವಲ್ರಿ! ಕಟ್ಟಿದಾಕಿ ಇಲ್ಲೇ ಕುಂತಾಳ!"

"ಏನು ವಿನಯ, ಏನು ವಿನಯ!" ಎಂದರು ಹಿಂದಿನವರು. ವಿನಯವಂತೆ! ನನ್ನ ಜನ್ಮದಲ್ಲಿ ಆ ಗುಣ ನನ್ನಲ್ಲಿದೆ ಎಂದವರು ಅವರೇ ಮೊದಲು.

ಅಷ್ಟರಲ್ಲಿ ಆಯಿ ಮೊಣಕಾಲು ಹಿಡಿದು ಎದ್ದಳು. "ಏ ವಕೀಲಪ್ಪಾ, ನಿನಗ ಸಾಕ್ಷಿ ಬೇಕಲ್ಲ? ಇಲ್ಲೇ ಕಟ್ಟತೀನಿ, ಕೇಳು."

"ಮೊದಲ ಕಲತದ್ದು ಹಾಡಿದ್ರ ನಮಗ ಹ್ಯಾಂಗ ಗೊತ್ತಾಗಬೇಕು, ಆಯಿ?" ಎಂದರು ಬಸವಂತ್ರಾಯರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಸರದಾರಸಾಬರು ಕೈಯೆತ್ತಿದರು. "ಠಹರೋ ವಕೀಲಸಾಬ್. ಮುಶಾಯಿರಾದಾಗ ಒಂದು ಸಾಲು ಕೊಡತಾರ. ಶಾಯರ ಆದವನು ಅದರ ಮ್ಯಾಲ ನಿಂತಲ್ಲೇ ಕಟ್ಟಬೇಕು. ಸಾಲು ನಾ ಕೊಡತೀನಿ."

ಅವರು ಎತ್ತಿಕೊಂಡದ್ದು ನನ್ನ ಇಟಲಿಯ ಪುಸ್ತಕ! ಕೈಗೆ ಬಂದ ಪುಟ ತೆಗೆದು ಓದಿದರು: "ತೆರೆಯದ ಬಾಗಿಲ ಚೆಲುವೆಯೇ, ನಿನ್ನ ಹೊಸ್ತಿಲಲಿ ನನ್ನ ಪ್ರಾಯ ಸವೆಯಿತು."

ನಾನು ಓದುವಾಗ ಗೊರಕೆ ಹೊಡೆದವಳು ಇವಳು. ಈಗ ಒಂದು ಸಾಲು ತಪ್ಪಿದರೂ ಅವಳ ಪದಗಳು ಎಂದೆಂದಿಗೂ ನನ್ನ ಹೆಸರಿಗೇ ಅಂಟಿಕೊಳ್ಳುತ್ತವೆ. ಆಯಿಗೆ ಅದಾವುದರ ಪರಿವೆಯೂ ಇದ್ದಂತಿರಲಿಲ್ಲ.

"ಅಂವ ಬಾಗಿಲ ಮುಂದ ಎಷ್ಟು ದಿನ ನಿಂತಿದ್ದ?" ಎಂದು ಕೇಳಿದಳು.

"ಉಮರ್ ಭರ್, ಅಮ್ಮಾ. ಹುಟ್ಟಿ ಸಾಯೋತನಕ."

"ಹುಚ್ಚಪ್ಯಾಲಿ" ಎಂದು ಗೊಣಗಿ ಕಣ್ಣು ಮುಚ್ಚಿದಳು. ತೊಡೆಯ ಮೇಲೆ ತಾಳ ಬಿತ್ತು. ದನಿ ಮೊದಲು ಒಡೆಯಿತು, ಆಮೇಲೆ ಏರಿತು:

"ಬಾಗಿಲ ಬಡಿಬ್ಯಾಡೊ ಮರುಳಾ, ಒಳಗ ನೀನ ಇದ್ದಿ
ಚಿಲಕ ಹಾಕಿದ ಕೈ ನಿಂದ, ಹೊರಗ್ಯಾಕ ಬಿದ್ದಿ
ಪ್ರಾಯ ಸವೀತಂತ ಅಳತಿ, ಸವದದ್ದು ಹೊಸ್ತಿಲ
ದಾಟಿ ಬಾರೊ ಮನಿಮಗನ, ಮನಿಗಿಲ್ಲ ಬಾಗಿಲ"

ಇಟಲಿಯವನ ವಿರಹವನ್ನು ಶಿರವಾಳದ ಮುದುಕಿ ಎತ್ತಿ ಶಿವನ ಮನೆಯೊಳಗೆ ಕೂರಿಸಿದ್ದಳು. ಸರದಾರಸಾಬರು ಕುರ್ಚಿ ಬಿಟ್ಟೆದ್ದರು. "ವಾಹ್! ಮುಕರ್ರರ್! ಇನ್ನೊಮ್ಮೆ ಹಾಡ್ರಿ!"

"ಅದ ಯಾಕ? ಬ್ಯಾರೆ ಕೇಳು" ಎಂದ ಆಯಿ ಅದೇ ಸಾಲಿನ ಮೇಲೆ ಇನ್ನೊಂದು ಕಟ್ಟಿದಳು. ಮತ್ತೊಂದು ಕಟ್ಟಿದಳು. ಅಂಡಿಗೆಯ ಮೇಲಿದ್ದವರು ರುಮಾಲು ಬೀಸಿ ಕೂಗಿದರು, ಹೆಂಗಸರು ಪಲ್ಲವಿ ಹಿಡಿದರು. ನಾನಂತೂ ಗಂಟಲು ಹರಿಯುವಂತೆ ಅರಚಿದೆ. ಅಷ್ಟು ಸಂತೋಷ ನನ್ನ ಸ್ವಂತ ಪುಸ್ತಕ ಕೈಗೆ ಬಂದ ದಿನವೂ ಆಗಿರಲಿಲ್ಲ.

ಬಸವಂತ್ರಾಯರು ಕೆಳಗಿಳಿದು ಬಂದು ಆಯಿಯ ಕಾಲು ಮುಟ್ಟಿದರು. "ತಪ್ಪಾತು ಆಯಿ. ಪದ ನಿಮ್ಮವ." ಕೈ ಹಿಡಿದು ಅವಳನ್ನು ವೇದಿಕೆಗೆ ಹತ್ತಿಸಿದರು, ನನ್ನನ್ನೂ ಕರೆದರು. "ಕೇಳ್ರಿ ಎಲ್ಲಾರೂ! ಶಿರವಾಳದಾಗ ಬರಿಯೋ ಭೀಮವ್ವ ಒಬ್ಬರು, ಕಟ್ಟೋ ಭೀಮವ್ವ ಒಬ್ಬರು. ಇಬ್ಬರೂ ನಮ್ಮವರು!" ಎಂದು ಸಾರಿ, ತಂದಿದ್ದ ಚೆಂಡುಹೂವಿನ ಹಾರವನ್ನು ಆಯಿಗೆ ಹಾಕಿದರು.

ತಂದದ್ದು ಒಂದೇ ಹಾರ. ಒಬ್ಬಳಿಗೆಂದೇ ಅಲ್ಲವೇ ತಂದದ್ದು! ಹಿರಿಯರು ಹಾರ ತೆಗೆದು ಕಿರಿಯರಿಗೆ ಹಾಕುವುದು ರೂಢಿ, ಸಭೆ ಅದಕ್ಕೇ ಕಾದಿತ್ತು. ನಾನೂ ತಲೆ ಬಗ್ಗಿಸಿದೆ.

"ಮೊಮ್ಮಗಳಿಗೆ ನೀವ ಹಾಕಿಬಿಡ್ರಿ ಆಯಿ, ಚೆಂದ ಕಾಣತದ" ಎಂದರು ಬಸವಂತ್ರಾಯರು.

ಆಯಿ ಹಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಯಾಕ? ಇದು ನನ್ನ ಪದದ ಹಾರ, ನನ್ನ ಕೊಳ್ಳಾಗ ಇರತದ. ಆಕಿ ಪುಸ್ತಕ ಬ್ಯಾರೆ. ಆಕಿಗೆ ಬ್ಯಾರೆ ತರಸು."

ಸಭೆಗೆ ಸಭೆಯೇ ನಕ್ಕಿತು. ಯಾರೋ ಪೇಟೆಗೆ ಓಡಿದರು. ಎರಡನೆಯ ಹಾರ ಬಂದು ನನ್ನ ಕೊರಳಿಗೆ ಬೀಳುವವರೆಗೂ ಆಯಿ ವೇದಿಕೆಯಿಂದ ಇಳಿಯಲಿಲ್ಲ.