ಅಯ್ಯೂಬನ ಎಡಗಡೆಯ ಜಾಗ

ನಮ್ಮ ಸೊರಟೂರಿನ ಹೆಜ್ಜೆಮೇಳದಲ್ಲಿ ಒಂದು ಪದ್ಧತಿ ಇದೆ. ಕುಣಿಯುವವರಲ್ಲಿ ಒಬ್ಬನು ತೀರಿಕೊಂಡರೆ ಮುಂದೆ ಒಂದು ವರ್ಷ ಅವನ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ. ಸುತ್ತು ಕಟ್ಟಿ ಕುಣಿಯುವಾಗ ಅಲ್ಲಿ ಒಬ್ಬಾಳು ಹಿಡಿಯುವಷ್ಟು ತೆರವು ಬಿಡುತ್ತಾರೆ. ಸುತ್ತು ತಿರುಗಿದಂತೆ ಆ ತೆರವೂ ತಿರುಗುತ್ತದೆ. ವರ್ಷ ತುಂಬಿದ ಮೇಲೆ ಸತ್ತವನ ಮನೆಯವರು ಬಂದು ಯಾರನ್ನಾದರೂ ಕೈಹಿಡಿದು ಅಲ್ಲಿ ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಅದು ಸತ್ತವನದೇ.

ಈ ವರ್ಷ ಆ ಜಾಗ ನನ್ನ ಮಗ ವೀರುವಿನದು. ಲಕ್ಷ್ಮೇಶ್ವರದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟಿದ್ದ. ಕಳೆದ ಬೇಸಿಗೆಯಲ್ಲಿ ಒಂದು ಜ್ವರ ನೆಪವಾಯಿತು. ಲಗ್ನಕ್ಕೆ ಹೆಣ್ಣು ನೋಡಿ ಬಂದ ವಾರವೇ ಅವನನ್ನು ಮಣ್ಣಿಗೆ ಕೊಟ್ಟೆವು. ಉಸಿರು ಶಿವನದಿತ್ತು, ಶಿವನಲ್ಲಿ ಬೆರೆಯಿತು ಎಂದು ಗುರುಗಳು ಕ್ರಿಯೆಯ ದಿನ ಹೇಳಿದರು. ಆ ಮಾತನ್ನು ಹಿಡಿದುಕೊಂಡೇ ನಾನು ದಿನ ನೂಕಿದೆ. ನನ್ನ ಹೆಂಡತಿ ಸಿದ್ದಲಿಂಗವ್ವ ಆ ಮಾತನ್ನು ಕೇಳಿದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಮೇಳದಲ್ಲಿ ನಾನು ಕುಣಿಯುವವನಲ್ಲ. ನಡುವೆ ನಿಂತು ಪದ ಎತ್ತುವವನು. ನನ್ನ ಪಕ್ಕದಲ್ಲಿ ಖಾಜಾಸಾಬ ಹಲಗಿ ಬಾರಿಸುತ್ತಾನೆ. ಅವನ ಮಗ ಅಯ್ಯೂಬ ಸುತ್ತಿನಲ್ಲಿ ವೀರುವಿನ ಬಲಕ್ಕೆ, ಹನಮಂತ ಎಡಕ್ಕೆ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಆ ಇಬ್ಬರೂ ನಡುವೆ ತೆರವು ಬಿಟ್ಟೇ ಕುಣಿದರು.

ಬನ್ನಿ ಹಬ್ಬದ ಮುಂದೆ ಕಾಂಚನಾ ಎಂಬ ಹುಡುಗಿ ನಮ್ಮನ್ನು ಹುಡುಕಿಕೊಂಡು ಬಂದಳು. ಬೆಟಗೇರಿಯ ನೇಕಾರರ ಮನೆಯವಳು. ಈಗ ಮುಂಬಯಿಯಲ್ಲಿ ಟೀವಿ ಜಾಹೀರಾತು ಮಾಡುತ್ತಾಳೆ. ಒಂದು ಚಹಾಪುಡಿಯ ಕಂಪನಿಯವರು ಕುಣಿತದ ಜಾಹೀರಾತು ಬೇಕೆಂದಾಗ ಅವಳಿಗೆ ಚಿಕ್ಕಂದಿನಲ್ಲಿ ನೋಡಿದ ಹೆಜ್ಜೆಮೇಳ ನೆನಪಾಯಿತಂತೆ.

"ಏನವ್ವಾ, ಚಾ ಮಾರಾಕ ಇಷ್ಟೆಲ್ಲಾ ಕುಣೀಬೇಕೇನು?" ಎಂದು ಖಾಜಾಸಾಬ ಕೇಳಿದ.

"ಚಾ ಎಲ್ಲಾರದೂ ಒಂದ ರುಚಿ ಕಾಕಾ. ಕುಣಿತ ಅಷ್ಟ ಬ್ಯಾರೆ ಬ್ಯಾರೆ" ಎಂದು ನಕ್ಕಳು.

ಅವಳು ಹೇಳಿದ್ದು ಹೀಗೆ. ಬಿತ್ತನೆಗೆ ಹದ ಮಾಡಿದ ಎರೆಹೊಲದಲ್ಲಿ ನಾವು ಕುಣಿಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಹೆಜ್ಜೆಗೂ ಮಣ್ಣಿನಿಂದ ಬಣ್ಣ ಚಿಮ್ಮುವಂತೆ, ಹೂವು ಏಳುವಂತೆ ಮಾಡುತ್ತಾರೆ. ಕೊನೆಗೆ ಆಕಾಶದಿಂದ ನೋಡಿದಾಗ ನಮ್ಮ ಸುತ್ತು ಒಂದು ದೊಡ್ಡ ಚಹಾಕಪ್ಪಿನ ಅಂಚಾಗುತ್ತದೆ. ಒಳಗಿನ ಕರಿಯ ಮಣ್ಣು ಚಹಾ ಆಗಿ ತುಳುಕುತ್ತದೆ. ನಾವು ಬೀಸುವ ಬಿಳಿ ವಸ್ತ್ರಗಳು ಹಬೆಯಾಗಿ ಮೇಲೇರುತ್ತವೆ. ಎಲ್ಲ ಸೇರಿ ಅರ್ಧ ನಿಮಿಷ.

ದೇವರ ಹೆಸರಿರುವ ಪದ ಚಹಾಕ್ಕೆ ಬೇಡ ಎಂದು ನಾನು ಮೊದಲೇ ಹೇಳಿದೆ. ಅವಳು ಒಪ್ಪಿದಳು. ಹಲಗಿ, ತಾಳ, ಗೆಜ್ಜೆ, ನಡುವೆ ನನ್ನ ಆಲಾಪ, ಅಷ್ಟೇ ಸಾಕೆಂದಳು. ಕಪ್ಪತಗುಡ್ಡ ಹಿಂದೆ ಕಾಣುವ ಹಾಗೆ ಹೊಲ ಆರಿಸಿದರು. ಹಾಡುವ, ಬಾರಿಸುವ ನಾವು ಕ್ಯಾಮೆರಾಕ್ಕೆ ಕಾಣದಂತೆ ಬದುವಿನ ಮೇಲೆ ನಿಂತೆವು. ತಲೆಯ ಮೇಲೆ ಜೇನುಹುಳುವಿನಂತೆ ಗುಂಯ್‌ಗುಡುತ್ತ ಕ್ಯಾಮೆರಾ ಹಾರಿತು. ಅದನ್ನು ನೋಡುತ್ತ ಹನಮಂತ ಎರಡು ಸಲ ಹೆಜ್ಜೆ ತಪ್ಪಿದ.

"ಕಾಕಾ, ಅಲ್ಲಿ ಒಬ್ರು ಕಡಿಮಿ ಅದಾರಲ್ಲ?" ಎಂದು ಕಾಂಚನಾ ನನ್ನನ್ನು ಕೇಳಿದಳು.

ನಾನು ಪದ್ಧತಿ ಹೇಳಿದೆ. ಯಾರ ಜಾಗವೆಂದೂ ಹೇಳಿದೆ. ಅವಳು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಳು. ಜಾಗ ಬಿಟ್ಟೇ ಕುಣಿಯಿರಿ ಎಂದಳು.

ಹಿಂಗಾರಿ ಜೋಳ ಮೊಣಕಾಲ ಮಟ್ಟಕ್ಕೆ ಬಂದಾಗ, ಟೀವಿಗೆ ಕಳಿಸುವ ಮೊದಲು ನಮಗೆ ತೋರಿಸಲು ಮತ್ತೆ ಬಂದಳು. ನಮ್ಮ ಪಡಸಾಲೆಯಲ್ಲಿ ಮೇಳದವರೆಲ್ಲ ಸೇರಿದರು. ಅಯ್ಯೂಬನ ಹೆಂಡತಿ ಫರ್ಹಾನಾ ಕೂಡ ಬಂದಿದ್ದಳು. ಹೆಜ್ಜೆ ಬಿದ್ದಲ್ಲೆಲ್ಲ ಕುಸುಬೆಯ ಹೂವಿನ ಬಣ್ಣ ಎದ್ದಿತು. ನನ್ನ ದನಿಯೇ ನನಗೆ ಬೇರೆಯವರದೆನಿಸಿತು. ಕ್ಯಾಮೆರಾ ಮೇಲಕ್ಕೇರಿತು. ಕಪ್ಪು ದುಂಡಗೆ, ಎಲ್ಲೂ ಬಿರುಕಿಲ್ಲದೆ ಕಂಡಿತು.

"ಏ, ನಾ ಎರಡ ಕಡೆ ಅದೀನಿ!" ಎಂದು ಅಯ್ಯೂಬ ಕೂಗಿದ.

ಹೌದು. ತೆರವಿನಲ್ಲಿ ಇನ್ನೊಬ್ಬ ಅಯ್ಯೂಬ ನಿಂತು ಕುಣಿಯುತ್ತಿದ್ದ. ಬರೀ ಮುಂಡಾಸಿನ ಬಣ್ಣ ಬೇರೆ.

"ಅಯ್ಯ ನಮ್ಮವ್ವಾ! ಇರೋ ಒಬ್ಬನ್ನ ಸಂಭಾಳಿಸೂದ ಸಾಕಾಗೇತಿ, ಇನ್ನೊಬ್ಬನ್ನ ಎಲ್ಲಿಂದ ತಂದ್ರಿ?" ಎಂದಳು ಫರ್ಹಾನಾ.

"ಅವ ಹೊಲಕ್ಕ ಹೋಗಲಿ ಬಿಡು. ನಾ ಮನ್ಯಾಗ ಉಂಡು ಮಲಕೋತೀನಿ."

ಎಲ್ಲರೂ ನಗುತ್ತಿರುವಾಗ ಅಡುಗೆಮನೆಯ ಬಾಗಿಲಿಂದ ಸಿದ್ದಲಿಂಗವ್ವ ಕೇಳಿದಳು:

"ಅದು ವೀರೂನ ಜಾಗಾ ಅಲ್ಲೇನು?"

ನಗು ನಿಂತಿತು. ಕಾಂಚನಾ ಎದ್ದು ನಿಂತಳು. "ಹೌದು ಕಾಕು. ನಾ ಮೊದಲ ಹಂಗ ಬಿಟ್ಟಿದ್ದೆ. ಕಂಪನಿಯವರು ನೋಡಿ, ಕಪ್ಪಿನ ಅಂಚು ಮುಕ್ಕಾಗಿ ಕಾಣತೈತಿ ಅಂದ್ರು. ಮುಕ್ಕಾದ ಕಪ್ಪಿನ್ಯಾಗ ಯಾರ ಚಾ ಕುಡೀತಾರ, ತುಂಬ್ರಿ ಅಂದ್ರು. ಕಂಪ್ಯೂಟರ್ ಹುಡುಗ್ರು ಅಯ್ಯೂಬನ್ನ ತಗದು ಹಚ್ಚಿದ್ರು. ತಪ್ಪಾತು." ಸ್ವಲ್ಪ ತಡೆದು ಹೇಳಿದಳು: "ವೀರೂ ಅವರು ಕುಣಿದ ವಿಡಿಯೋ ಇದ್ರ ಕೊಡ್ರಿ. ಅಲ್ಲಿ ಅವರನ್ನ ನಿಂದ್ರಸಬಹುದು."

"ಅಂದ್ರ? ಇವರ ಕೂಡ ಕುಣೀತಾನೇನು?" ಎಂದಳು ಸಿದ್ದಲಿಂಗವ್ವ.

"ಇವರ ಕೂಡ, ಇದ ಹೊಲದಾಗ."

ನನ್ನ ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ವೀರು ಹೋದ ಮೇಲೆ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ನಾನು ಆಗುವುದಿಲ್ಲ ಎಂದೆ.

ಎಲ್ಲರೂ ಹೋದ ಮೇಲೆ ನಮ್ಮಿಬ್ಬರಿಗೂ ಮಾತಾಯಿತು.

"ಶಿವನ ಪಾದ ಸೇರಿದವನ್ನ ಚಾಪುಡಿ ಮಾರಾಕ ಕರಕೊಂಡು ಬರ್ತಿಯೇನು?" ಎಂದೆ.

"ಚಾ ಮಾರಲಿ, ಉಪ್ಪು ಮಾರಲಿ. ನನಗ ಅವನ್ನ ನೋಡಬೇಕಾಗೇತಿ."

"ಅದು ಅವನಲ್ಲ, ಸಿದ್ದಲಿಂಗಿ. ಬೆಳಕಿನ ಆಟ."

"ನಿಮ್ಮ ದೇವರು ಕೇಳದ ಒಯ್ದ. ಈ ಹುಡಿಗಿ ಕೇಳಿ ಕೊಡತೀನಿ ಅಂತಾಳ. ಇಬ್ಬರೊಳಗ ನನಗ ಯಾರು ಛಲೋ ಕಾಣಬೇಕು, ನೀವ ಹೇಳ್ರಿ."

ಮರುದಿನ ಬಸ್ಸು ಹತ್ತಿ ಶಿರಹಟ್ಟಿಯ ಮಠಕ್ಕೆ ಹೋದೆ. ಗದ್ದುಗೆಯ ಮುಂದೆ ಕುಳಿತು ಪಂಚಾಕ್ಷರಿ ಜಪಿಸಿದೆ. ಮನಸ್ಸು ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಎರೆಹೊಲ, ಅದರಲ್ಲಿ ವೀರು. ನಿಜ ಹೇಳಬೇಕೆಂದರೆ ನನಗೂ ನೋಡುವ ಆಸೆ ಇತ್ತು. ಅದು ತಪ್ಪೆಂದು ಹೇಳು ಎಂದು ದೇವರಲ್ಲಿ ಬೇಡಿಕೊಳ್ಳಲು ಹೋಗಿದ್ದೆ. ಪ್ರಸಾದದ ಊಟ ಮಾಡಿ ಹಿಂದಿರುಗುವಷ್ಟರಲ್ಲಿ ಸಿದ್ದಲಿಂಗವ್ವ ವೀರುವಿನ ಫೋನನ್ನು ಕಾಂಚನಾಳಿಗೆ ಕೊಟ್ಟಾಗಿತ್ತು. ನಾನು ಅದನ್ನು ವಾಪಸು ಕೇಳಲು ಹೋಗಲಿಲ್ಲ.

ಬೆಟಗೇರಿಯ ತವರುಮನೆಯಲ್ಲಿ ಉಳಿದಿದ್ದ ಕಾಂಚನಾ ಮುಂದಿನ ಸೋಮವಾರ ಮಧ್ಯಾಹ್ನ ಬಂದಳು. ಇನ್ನೂ ಹಸಿ ಕೆಲಸ, ನಿಮಗೆ ಮಾತ್ರ ತೋರಿಸುತ್ತೇನೆ ಎಂದಳು. ಸಿದ್ದಲಿಂಗವ್ವ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಹೊಸ ಸೀರೆ ಉಟ್ಟು ಕುಳಿತಳು. ಬೇರೆ ಊರಿಂದ ಮಗ ಬರುವಾಗ ಕಾಯ್ದ ಹಾಗೆ. ಖಾಜಾಸಾಬನನ್ನೂ ಅಯ್ಯೂಬನನ್ನೂ ತಾನೇ ಕರೆಸಿದ್ದಳು.

ವೀರು ಬಂದ. ಹೇಗೆ ಬಂದನೆಂದು ನಾನು ಹೇಳಲಾರೆ. ಅದೇ ಎತ್ತರ, ಅದೇ ಸೊಂಟದ ಕೆಂಪು ವಸ್ತ್ರ, ಬೆವರಿಗೆ ಬೆನ್ನಿಗಂಟಿದ ಅಂಗಿ. ಹಲಗಿ ಏರಿದಾಗ ಗದ್ದ ಎತ್ತುವ ರೀತಿಯೂ ಅದೇ. ಅವನ ಹೆಜ್ಜೆಗೂ ಹೂವುಗಳು ಎದ್ದವು. ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು. ಸಿದ್ದಲಿಂಗವ್ವ ಗಟ್ಟಿಯಾಗಿ ನಕ್ಕಳು. ಇನ್ನೊಮ್ಮೆ ಹಚ್ಚು ಎಂದಳು. ಮತ್ತೆ ಇನ್ನೊಮ್ಮೆ. ಇದು ಟೀವಿಯಲ್ಲಿ ಬರಲಿ, ದಿನಾಲೂ ಬರಲಿ ಎಂದು ನನ್ನ ಮನಸ್ಸೂ ಅಂದುಬಿಟ್ಟಿತ್ತು.

ಆಮೇಲೆ ಅವಳು ನಗುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿ ನೋಡಿದಳು.

"ಅಯ್ಯೂಬ, ನೀ ಯಾಕ ಅವನ್ನ ಮುಟ್ಟವಲ್ಲಿ?"

ಹೆಜ್ಜೆಮೇಳದಲ್ಲಿ ನಾಲ್ಕನೆಯ ಹೆಜ್ಜೆಗೆ ಅಕ್ಕಪಕ್ಕದವರು ಹೆಗಲಿಗೆ ಹೆಗಲು ತಾಗಿಸುತ್ತಾರೆ. ಇಡೀ ಸುತ್ತು ಒಂದೇ ಮೈಯಂತೆ ತೂಗುವುದು ಅದರಿಂದ. ಪರದೆಯ ಮೇಲೆ ವೀರು ಪ್ರತಿಸಲವೂ ಅಯ್ಯೂಬನ ಕಡೆಗೆ ವಾಲುತ್ತಿದ್ದ. ಅಯ್ಯೂಬ ಹೆಗಲನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದ. ಆ ಕಡೆ ಹನಮಂತನೂ ಹಾಗೆಯೇ. ತೆರವಿನ ಪಕ್ಕದಲ್ಲಿ ಕುಣಿದವರು ಅವರು. ಬೇರೆ ಹೇಗೆ ಕುಣಿದಾರು?

"ಅವತ್ತು ಅಲ್ಲಿ ಅವ ಇರಲಿಲ್ಲಲ್ಲ ಕಾಕು" ಎಂದ ಅಯ್ಯೂಬ.

"ಜಗಳಾ ಮಾಡಿದವರಂಗ ನಿಂತೀರಿ. ಇಷ್ಟ ಮಂದ್ಯಾಗ ನನ್ನ ಮಗನ್ನ ಒಬ್ಬರೂ ಮುಟ್ಟವಲ್ಲರು."

"ಅದನ್ನ ಸರಿ ಮಾಡಬಹುದು ಕಾಕು" ಎಂದಳು ಕಾಂಚನಾ. "ಅಯ್ಯೂಬ, ಹನಮಂತ ಇಬ್ಬರನ್ನೂ ಮತ್ತೊಮ್ಮೆ ಕುಣಸಿ ಶೂಟ್ ಮಾಡೂಣು. ನಡುವ ವೀರೂ ಅದಾರ ಅಂತ ತಿಳಕೊಂಡು ಹೆಗಲು ಕೊಟ್ರ ಆತು."

ಅಯ್ಯೂಬ ತಲೆ ತಗ್ಗಿಸಿದ. ಚೇಷ್ಟೆಯಿಲ್ಲದೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ. "ಅವನ್ನ ಒಯ್ಯೂ ದಿನ ಹೆಗಲು ಕೊಟ್ಟೀನಿ ಕಾಕು. ಈಗ ಗಾಳಿಗಿ ಕೊಡು ಅಂದ್ರ ನನ್ನಿಂದ ಆಗಾಂಗಿಲ್ಲ. ಬೈರಿ ಬೇಕಾದ್ರ."

ಯಾರೂ ಅವನನ್ನು ಬೈಯಲಿಲ್ಲ. ಪರದೆಯ ಮೇಲೆ ಕುಣಿತ ಮುಗಿದು ಕಪ್ಪು ತುಂಬಿ ನಿಂತಿತ್ತು. ಸಿದ್ದಲಿಂಗವ್ವ ಅದರ ಕಡೆ ಕೈ ಮಾಡಿದಳು.

"ತಗೀಯವ್ವಾ ಅವನ್ನ" ಎಂದಳು. "ಛಲೋ ಮಾಡೀದಿ. ನಿನ್ನ ಕೈ ತಂಪಾಗಿರಲಿ. ಆದ್ರ ಒಬ್ಬನ ಕುಣ್ಯಾಕತ್ತಾನ. ನನಗ ನೋಡಾಕ ಆಗೂದಿಲ್ಲ."

ಕಾಂಚನಾ ತಲೆಯಾಡಿಸಿದಳು. ಆದರೆ ಅವಳ ಮುಖ ಬಾಡಿತು. ತೆರವು ಬಿಟ್ಟರೆ ಕಂಪನಿಯವರು ಒಪ್ಪುವುದಿಲ್ಲ, ಬೇರೆ ಕುಣಿತ ಹುಡುಕುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಹೋದರೆ ಹೋಗಲಿ ಎಂದು ನಾನು ಹೇಳುವುದರಲ್ಲಿದ್ದೆ. ಸಿದ್ದಲಿಂಗವ್ವ ಖಾಜಾಸಾಬನ ಕಡೆ ತಿರುಗಿದಳು.

"ಖಾಜಣ್ಣಾ, ವರ್ಷ ತುಂಬೂದರಾಗ ಜಾಗಾ ತುಂಬಿದ್ರ ತಪ್ಪೇನು?"

ಖಾಜಾಸಾಬ ಗಡ್ಡ ನೀವಿಕೊಂಡ. "ವರ್ಷ ಅನ್ನೂದು ಮನಿಯವರ ಜೀವ ತಡ್ಕೊಳ್ಳಲಿ ಅಂತ ಹಿರಿಯರು ಹಾಕಿದ್ದು ತಂಗಿ. ಜಾಗಾ ನಿಮ್ಮದು. ನೀ ಯಾರ ಕೈ ಹಿಡದು ನಿಂದ್ರಸ್ತಿ, ನಾ ಅವಗ ಹಲಗಿ ಬಾರಸ್ತೀನಿ."

ಅವಳು ಎದ್ದಳು. ಅಯ್ಯೂಬನ ತಮ್ಮನನ್ನೋ ಓಣಿಯ ಲೋಹಿತನನ್ನೋ ಹೇಳುತ್ತಾಳೆಂದು ತಿಳಿದಿದ್ದೆ. ಅವಳು ಬಂದು ನನ್ನ ಕೈ ಹಿಡಿದಳು.

"ನನಗ ಕುಣ್ಯಾಕ ಎಲ್ಲಿ ಬರತೈತಿ?" ಎಂದೆ.

"ನಲವತ್ತು ವರ್ಷ ನಡುವ ನಿಂತು ನೋಡೀರಿ. ಇನ್ನೂ ಬರಂಗಿಲ್ಲಂದ್ರ ನಿಮ್ಮಷ್ಟು ದಡ್ಡರು ಯಾರೂ ಇಲ್ಲ. ಏಳ್ರಿ."

ಹಿಡಿದ ಕೈಯನ್ನು ಅವಳು ಸಡಿಲಿಸಲಿಲ್ಲ. ಬೇಡವೆನ್ನಲು ನನ್ನಲ್ಲಿ ಎಷ್ಟೋ ಕಾರಣಗಳಿದ್ದವು. ವಯಸ್ಸು, ಮೊಣಕಾಲು, ಮೇಳದ ಮರ್ಯಾದೆ. ಆದರೆ ಆ ಜಾಗವನ್ನು ಬಿಟ್ಟುಕೊಡುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಆ ಹಿಡಿತದಿಂದಲೇ ನನಗೆ ತಿಳಿಯಿತು. ಎದ್ದೆ.

ಹೊಲದಲ್ಲಿ ಈಗ ಬೆಳೆ ಇತ್ತು. ಆದುದರಿಂದ ಎರಡು ದಿನ ಬಿಟ್ಟು ಶಾಲೆಯ ಬಯಲಿನಲ್ಲಿ ಹಸಿರು ಬಟ್ಟೆ ಕಟ್ಟಿದರು. ಅದರ ಮುಂದೆ ಅಯ್ಯೂಬ, ನಾನು, ಹನಮಂತ ಮೂವರೇ ಕುಣಿದರೆ ಸಾಕು, ನಮ್ಮನ್ನು ಆಮೇಲೆ ಹೊಲದ ಸುತ್ತಿಗೆ ಸೇರಿಸುತ್ತೇವೆ ಎಂದಳು ಕಾಂಚನಾ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೋದೆ. ಫರ್ಹಾನಾ ನನ್ನ ಸೊಂಟದ ಕೆಂಪು ವಸ್ತ್ರ ನೋಡಿ, "ಮದುಮಗ ಬಂದ್ರು ನೋಡ್ರಿ" ಎಂದಳು. ಖಾಜಾಸಾಬ ಹಲಗಿ ಕಾಯಿಸಿದ.

ಮೊದಲ ಸಲ ಕಾಲು ತೊಡರಿತು. "ಕಾಕಾ, ಎಡಗಾಲ ಮೊದಲ" ಎಂದು ಅಯ್ಯೂಬ ಹಲ್ಲು ಬಿಗಿಹಿಡಿದು ಪಿಸುಗುಟ್ಟಿದ. ಎರಡನೆಯ ಸಲ ನಾಲ್ಕನೆಯ ಹೆಜ್ಜೆಗೆ ಅವನ ಹೆಗಲು ಬಂದು ನನ್ನ ಹೆಗಲಿಗೆ ಬಡಿಯಿತು. ಆ ಕಡೆಯಿಂದ ಹನಮಂತನದು. ಇಷ್ಟು ಭಾರವೆಂದು ನಾನು ತಿಳಿದಿರಲಿಲ್ಲ. ಬೀಳದಂತೆ ಇಬ್ಬರೂ ಹಿಡಿದ ಹಾಗಿತ್ತು.

ಆಮೇಲೆ ಹೊರಕ್ಕೆ ತಿರುಗುವ ಹೆಜ್ಜೆ. ನಡುವೆ ನಿಂತು ಹಾಡುವವನಿಗೆ ಆಗ ಕಾಣುವುದು ಕುಣಿಯುವವರ ಬೆನ್ನು ಮಾತ್ರ. ಅವರಿಗೆ ಎದುರಿಗೆ ಏನು ಕಾಣುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ. ತಿರುಗಿದೆ. ಕ್ಯಾಮೆರಾದ ಪಕ್ಕದಲ್ಲಿ, ಹೆಂಗಸರ ನಡುವೆ, ಸೆರಗನ್ನು ಬಾಯಿಗೆ ಹಿಡಿದು ಸಿದ್ದಲಿಂಗವ್ವ ನಿಂತಿದ್ದಳು. ಪ್ರತಿ ಹಬ್ಬದಲ್ಲಿ ಸುತ್ತು ಅವಳ ಕಡೆ ಬಂದಾಗಲೆಲ್ಲ ವೀರು ಕಂಡದ್ದು ಇದನ್ನೇ ಇರಬೇಕು. ನಾನು ನೋಡುತ್ತಲೇ ಉಳಿದೆ.

"ಕಾಲ ನೋಡ್ರಿ!" ಎಂದು ಅವಳು ಅಲ್ಲಿಂದಲೇ ಕೂಗಿದಳು. "ನನ್ನ ಮಾರಿ ಏನ್ ನೋಡತೀರಿ!"